ನಾಲಿಗೆಯ ಮೇಲಿನ ಪಂಪು

ಕಿವಿಯ ಹಿಂದೆ ಚರ್ಮದಲ್ಲೇ ಕೂರಿಸಿದ್ದ ಸೀರಿಯಲ್ ಪೋರ್ಟಿಗೆ ಕೇಬಲ್ ಸಿಕ್ಕಿಸಿದೊಡನೆ ಒಳಚರಂಡಿಯ ಪಂಪು ಎಂದಿನಂತೆ ಮಾದೇವಮ್ಮನ ನಾಲಿಗೆಯ ಮೇಲೆ ಬಂದು ಕೂತಿತು. ಕೊಳೆತ ಮೊಟ್ಟೆ, ಸೋಪಿನ ನೊರೆ, ಇನ್ನೂ ಬಾಯಿಬಿಟ್ಟು ಹೇಳಲಾಗದ್ದು. ಆ ಹಳೇ ಪಂಪಿಗೆ ಅಂಕಿ ಬಾರದು, ರುಚಿಯಷ್ಟೇ ಗೊತ್ತು. ಅದನ್ನು ಅಂಕಿಗಿಳಿಸಿ ಆಫೀಸಿಗೆ ಫೋನಿನಲ್ಲಿ ಹೇಳುವುದೇ ಅವಳ ಕೆಲಸ.

ಒಂದು ವಾರದಿಂದ ಆ ಹೊಲಸಿನಲ್ಲಿ ಕುಡಿಯುವ ನೀರಿನ ಕ್ಲೋರಿನ್ನೂ ಸೇರಿತ್ತು. ಎಲ್ಲೋ ಪೈಪು ಒಡೆದು ಎರಡೂ ನೀರು ಬೆರೆತಿವೆ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. "ಅಂಕಿ ಸರಿ ಇದೆಯಲ್ಲಮ್ಮ, ರುಚಿ ಅಭ್ಯಾಸ ಮಾಡ್ಕೊ" ಎಂದಿದ್ದರು ಆಫೀಸಿನ ಪಾಲಾಕ್ಷ ಸಾಹೇಬರು.

ಫೋನಿಲ್ಲದೆ ಒಬ್ಬರಿಂದೊಬ್ಬರಿಗೆ ನೇರವಾಗಿ ಕಳಿಸಲು ಆಫೀಸಿನವರಿಗೆಲ್ಲ ಆಗಲೇ ಇದ್ದ ನೆಟ್‌ವರ್ಕ್ ಪೋರ್ಟನ್ನು ಇವತ್ತು ಅವಳ ಕುತ್ತಿಗೆಗೂ ಕೂರಿಸಲು ಟೆಕ್ನೀಷಿಯನ್ ಇರ್ಫಾನ್ ಬಂದಿದ್ದ. ಎರಡೂ ಪೋರ್ಟುಗಳ ವೇಗ ಹೊಂದಿಸಿ ಕೇಳಿದ, "ಬರೀ ಅಂಕಿ ಕಳಿಸ್ಲಾ ಅಕ್ಕ, ಇಲ್ಲಾ ಬಂದದ್ದು ಬಂದ ಹಾಗೇ ಹೋಗ್ಲಾ?"

"ಬಂದ ಹಾಗೇ ಹೋಗ್ಲಿ."

ಅವನು ಲೈನ್ ತೆರೆದ. ಫೋನು ಬರಲು ತಡವಾಗಲಿಲ್ಲ. ಆಚೆ ಕಡೆ ಪಾಲಾಕ್ಷ ಸಾಹೇಬರು ಓಕರಿಸುತ್ತಿದ್ದರು.

"ಥೂ, ಏನಮ್ಮ ಇದು ಅಸಹ್ಯ. ಮೊದ್ಲು ಆ ಪೋರ್ಟ್ ಮುಚ್ಚಿಸು."

"ಪೈಪು ಸಾರ್?"

"ಪೈಪು ಆಮೇಲೆ ನೋಡೋಣ."

ಇರ್ಫಾನ್ ಮುಖ ಸಿಂಡರಿಸಿಕೊಂಡು ಲೈನ್ ಮುಚ್ಚಿ ಕೇಬಲ್ ಕಿತ್ತ. ಫೋನಿನಲ್ಲಿ ನಲ್ಲಿ ತಿರುಗಿಸಿದ ಸದ್ದು, ಬಾಯಿ ಮುಕ್ಕಳಿಸಿ ಉಗಿದ ಸದ್ದು ಕೇಳಿತು.

"ಇನ್ನೂ ಅದೇ ರುಚಿ ಬರ್ತಿದೆಯಲ್ಲ. ಮುಚ್ಚಿಲ್ವಾ?"

"ಮುಚ್ಚಾಯ್ತು ಸಾರ್," ಎಂದಳು ಮಾದೇವಮ್ಮ. "ಈಗ ಬರ್ತಿರೋದು ನಿಮ್ಮ ನಲ್ಲಿಯಿಂದ."