ನೀರುಗುರುತಿನ ಮುಖ

ನೋಟನ್ನು ಕೊನೆಗೆ ಬರಿಗೈಯಲ್ಲಿ ಹಿಡಿದವರ ಮುಖವೇ ಅದರ ನೀರುಗುರುತಿನಲ್ಲಿ ಮೂಡುವುದರಿಂದ, ಹಳೆಯ ನೋಟು ಸಂಗ್ರಹಿಸುವವರೆಲ್ಲ ಕೈಗವಸು ತೊಟ್ಟೇ ಅವನ್ನು ಮುಟ್ಟುತ್ತಿದ್ದರು. ಹಾಗೆ ನೋಟು ಕೂಡಿಡುವ ಧಾರವಾಡದ ದಾಕ್ಷಾಯಣಿಯ ಮನೆಗೆ ನೋಟು ಮಾರಲು ಬಂದ ಅಪರಿಚಿತನೂ ತೊಟ್ಟಿದ್ದ. ನಂಬರಿನ ನಡುವೆ ನಕ್ಷತ್ರವಿದ್ದ ಅವನ ನೂರರ ನೋಟನ್ನು ಆಕೆಯೂ ಕೈಗವಸು ತೊಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಕಂಡದ್ದು, ಹೋದ ತಿಂಗಳು ಕಾಣೆಯಾದ ತನ್ನ ತಮ್ಮ ಈರಣ್ಣನ ಮುಖ.

"ಇದು ಎಲ್ಲಿ ಸಿಕ್ತ್ರಿ?"

"ಒಬ್ಬಾಂವ ಮುಷ್ಟಿಯೊಳಗ ಹಿಡಕೊಂಡಿದ್ದ ಅಕ್ಕಾರ. ಬೆರಳ ಬಿಡಸೂದ ಕಷ್ಟ ಆತು."

ದಾಕ್ಷಾಯಣಿ ಗುರುತು ಸಿಕ್ಕಿದ್ದನ್ನು ತೋರಗೊಡದೆ, "ಕುಂದರ್ರಿ, ಚಾ ತರ್ತೀನಿ" ಎಂದು ಒಳಗೆ ಹೋದಳು. ಹಿತ್ತಲಿಗೆ ದಾಟಿ, ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಸುತ್ತಿ ಬಂದು ಮುಂಬಾಗಿಲಿಗೂ ಹಾಕಿದಳು.

ಒಳಗಿನಿಂದ ಅವನು ಗಾಬರಿಯಿಲ್ಲದೆ ಹೇಳಿದ: "ಚಿಲಕ ಇರ್ಲಿ ಬಿಡ್ರಿ ಅಕ್ಕಾರ. ಹಿಂದ ತಿರುಗಿ ನೋಡ್ರಿ, ಓಣಿ ತುಂಬ ನಮ್ಮ ಮಂದೀನ ನಿಂತಾರ."