ಅರ್ಧ ಲೀಟರ್

ಡಯಾಲಿಸಿಸ್ ಶುರುವಾದ ದಿನವೇ ಡಾಕ್ಟರು ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು: ದಿನಕ್ಕೆ ಅರ್ಧ ಲೀಟರ್ ನೀರು, ಎಳನೀರನ್ನಂತೂ ಮುಟ್ಟುವಂತಿಲ್ಲ. ಅವತ್ತಿನಿಂದ ಹೆಂಡತಿಯೂ ಅರ್ಧ ಲೀಟರಿಗೇ ನಿಂತಳು.

"ನಿಮ್ಮ ಕಣ್ಣೆದುರು ನಾನು ಗಟಗಟ ಕುಡಿಯೋದಾ?" ಎಂದಿದ್ದಳು.

ವಾರಕ್ಕೆ ಮೂರು ಸಲ, ಅವಳು ಚೀಟಿ ಮಾಡಿಸಿ ಬರುವಷ್ಟು ಹೊತ್ತು ಅವನು ಗಾಳಿಗೆಂದು ಆಸ್ಪತ್ರೆಯ ಗೇಟಿನ ಬಳಿ ಕೂರುತ್ತಿದ್ದ. ಆಮೇಲೆ ತೂಕ ನೋಡಿ ನರ್ಸ್ ಗದರುತ್ತಿದ್ದಳು.

"ಮತ್ತೆ ಮೈಯಲ್ಲಿ ಮೂರೂವರೆ ಕೆಜಿ ನೀರು! ಕದ್ದು ಕುಡೀತಾರಾ?"

"ನಾನೇ ಅಳೆದು ಕೊಡ್ತೀನಿ ಸಿಸ್ಟರ್. ನಿಮ್ಮ ತೂಕದ ಮಿಷನ್ನೇ ಸರಿಯಿಲ್ಲ," ಎಂದು ಹೆಂಡತಿ ಜಗಳಕ್ಕೇ ನಿಲ್ಲುತ್ತಿದ್ದಳು. ಅವನು ತಲೆ ತಗ್ಗಿಸಿರುತ್ತಿದ್ದ.

ಎರಡು ವರ್ಷದ ಮೇಲೆ ಅವಳಿಗೇ ಹೊಟ್ಟೆನೋವು ಬಂತು. ಕಿಡ್ನಿಯಲ್ಲಿ ಕಲ್ಲು.

"ನೀರೇ ಕುಡಿಯಲ್ವೇನಮ್ಮಾ?" ಎಂದು ರೇಗಿದ ಡಾಕ್ಟರು, ಎಳನೀರು ಕುಡಿಯಲು ಹೇಳಿದರು.

ಗೇಟಿನ ಬಳಿಯ ಎಳನೀರಿನ ಗಾಡಿಯ ಮುಂದೆ ಅವಳು ಹಿಂಜರಿದಳು. "ನೀವು ಆ ಕಡೆ ತಿರುಗಿ ನಿಂತ್ಕೊಳ್ರೀ. ನಿಮ್ಮೆದುರಿಗೆ ನಂಗೆ ಗಂಟಲಲ್ಲಿ ಇಳಿಯಲ್ಲ."

ಅವನು ತಿರುಗಿ ನಿಂತ. ಗಾಡಿಯವನು ಒಂದು ಕಾಯಿ ಕೆತ್ತಿ ಅವಳ ಕೈಗಿತ್ತ. ಯಾರೂ ಕೇಳದಿದ್ದರೂ ಇನ್ನೆರಡು ಕೆತ್ತಿ ಅವನತ್ತ ಚಾಚಿದ.

"ತಗೊಳ್ಳಿ ಸಾರ್, ನಿಮ್ಮ ಮಾಮೂಲಿ ಎರಡು."