ಹೂಳು ತುಂಬಿದ ಬಂದರು

"ಇವರನ್ನ ಇಲ್ಲಿ ಎಲ್ಲಾದ್ರೂ ನೋಡಿದ್ದೀರಾ?"

ಹಳೇ ಬಂದರು ನೋಡಲು ಬಂದವಳು ಟಿಕೆಟ್ ಕೇಳುವ ಮೊದಲೇ ಗಂಡನ ಫೋಟೋ ಮುಂದೆ ಹಿಡಿದಳು. ಗುಮಾಸ್ತ ಕನ್ನಡಕ ಏರಿಸಿ ನೋಡಿದ. ಇಲ್ಲವೆಂದು ತಲೆಯಾಡಿಸಿದ.

ದಿನವಿಡೀ ಅದೇ ಆಯಿತು. ದೀಪಸ್ತಂಭದ ಬುಡದಲ್ಲಿ ಚಹಾ ಮಾರುವವಳನ್ನು ಕೇಳಿದಳು, ಹಗ್ಗದಂಗಡಿಯ ಮುದುಕನನ್ನು ಕೇಳಿದಳು. ಸಂಜೆಯ ದೋಣಿ ಹೊರಡುವುದರೊಳಗೆ ಅವಳಿಗೆ ಒಂದೇ ಒಂದು ತಿಳಿಯಬೇಕಿತ್ತು: ಅವನು ಈ ಊರಿಗೆ ಬಂದಿದ್ದನೋ, ಇಲ್ಲವೋ.

ಜೊತೆಯ ಪ್ರವಾಸಿಗಳು ಜೋಡಿಜೋಡಿಯಾಗಿ ಫಿರಂಗಿಗೆ ಒರಗಿ ಚಿತ್ರ ತೆಗೆಸಿಕೊಂಡರು. ಅವಳನ್ನು ಕರೆದದ್ದು ಕ್ಯಾಮೆರಾ ಹಿಡಿಯುವುದಕ್ಕೆ ಮಾತ್ರ.

ಮ್ಯೂಸಿಯಂನಲ್ಲಿ ಹರಿದ ಹಾಯಿಯೊಂದರ ಅಂಚು ಸವರುತ್ತ ನಿಂತುಬಿಟ್ಟಳು. ಅವಳದು ಹಾಯಿ ಹೊಲಿಯುವ ಕೆಲಸ.

"ಮುಟ್ಟಬೇಡಿ," ಎಂದ ಕಾವಲುಗಾರ. "ಇನ್ನಷ್ಟು ಹರಿದ್ರೆ ಹೊಲಿಯೋರೇ ಇಲ್ಲ ಇಲ್ಲಿ."

ಅವನೂ ಫೋಟೋದವನನ್ನು ಕಂಡಿರಲಿಲ್ಲ.

ನದಿಯಲ್ಲಿ ಇಂಜಿನ್ ಸದ್ದಾದಾಗಲೆಲ್ಲ ಅವಳು ಗಕ್ಕನೆ ತಿರುಗುತ್ತಿದ್ದಳು.

"ಅದು ನಮ್ಮ ದೋಣಿ ಕಣಮ್ಮ," ಎಂದ ಗೈಡ್. ಅವಳ ಅಪ್ಪನ ವಯಸ್ಸಿನವನು. "ಮನೆಯವರಿಗೆ ಏನು ಕೆಲಸ?"

"ಹಡಗಿನ ಮೆಕ್ಯಾನಿಕ್. ಹಡಗು ನಿಲ್ಲೋ ಊರಲ್ಲೆಲ್ಲ ಓಡಾಡ್ತಾರೆ."

"ಹಾಗಾದ್ರೆ ಇಲ್ಲಿಗ್ಯಾಕೆ ಬರ್ತಾರೆ? ಹೂಳು ತುಂಬಿ ಹಡಗು ಬರೋದೇ ನಿಂತೋಯ್ತು. ಉಳಿದಿರೋದು ಆ ಫಿರಂಗಿ, ಮತ್ತೆ ನಾನು. ಇಬ್ಬರೂ ಸಿಡಿಯಲ್ಲ."

ಅವಳು ನಗಲಿಲ್ಲ. "ಹೂಳು ತೆಗೆಸೋದಿಲ್ವಾ?"

"ಯಾರು ತೆಗೆಸ್ತಾರೆ? ನಾನು ಮಣ್ಣಾದ ಮೇಲೂ ಇದು ಹೀಗೇ ಬಿದ್ದಿರತ್ತೆ."

ಅವಳ ಕಣ್ಣು ತುಂಬಿ ಬಂತು. ಗೈಡ್ ತನ್ನ ನಾಲಿಗೆಗೆ ತಾನೇ ಶಾಪ ಹಾಕಿಕೊಂಡ.

ಸಂಜೆ ಎಲ್ಲರೂ ದೋಣಿ ಹತ್ತಿದರು. ಅವಳು ದಂಡೆಯಲ್ಲೇ ನಿಂತಳು. ದೋಣಿಯವನು ಎರಡು ಸಲ ಕೂಗಿದ. ಅವಳು ಬರುವುದಿಲ್ಲವೆಂದು ಕೈಯಾಡಿಸಿ ಗೈಡ್ ಕಡೆ ತಿರುಗಿದಳು.

"ಇಲ್ಲಿ ಬಾಡಿಗೆಗೆ ಒಂದು ರೂಮ್ ಸಿಗತ್ತಾ?"

ಗೈಡ್ ದೋಣಿಯವನಿಗೆ ತಡೆಯುವಂತೆ ಕೈ ಮಾಡಿದ. "ಹುಚ್ಚು ಹಿಡಿಸ್ಕೋಬೇಡಮ್ಮ. ಎಷ್ಟು ಕಾದ್ರೂ ನಿನ್ನ ಗಂಡ ಈ ಊರಿಗೆ ಬರೋನಲ್ಲ. ಮನೆಗೆ ಹೋಗು."

"ಅದಕ್ಕೇ ರೂಮ್ ಕೇಳ್ತಿರೋದು," ಎಂದಳು. "ಅವರು ಕಾಲಿಡದ ಬಂದರಿಗಾಗಿ ಎಷ್ಟು ಅಲೆದೆ ಗೊತ್ತಾ?"